ಬೇಲದ ಬಿಲ್ಲೆಯ ಚಿಕ್ಕಲಕ್ಷ್ಮಮ್ಮ

ತಾಳವಾಡಿ ಬೆಟ್ಟದ ಮೇಲಿನ ತಿಗನಾರೆಯ ಚಿಕ್ಕಲಕ್ಷ್ಮಮ್ಮ ಬೇಲದ ಹಣ್ಣನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಇವತ್ತೇ ಒಡೆಯಬೇಕಾದ ಹಣ್ಣೋ, ಇನ್ನೂ ಒಂದು ವಾರ ಹುಲ್ಲಿನಲ್ಲಿ ಮಲಗಬೇಕಾದದ್ದೋ ಎಂದು ಹೇಳಿಬಿಡುತ್ತಿದ್ದಳು. ಬೇಲದ ಚಿಪ್ಪು ಕಲ್ಲಿನಂತೆ ಗಟ್ಟಿ. ಒಳಗೆ ಏನಾಗಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಗಂಡ ರಾಚಪ್ಪನದು ಬೇರೆ ದಾರಿ. ಹಣ್ಣನ್ನು ಮೊಣಕಾಲಿನ ಎತ್ತರದಿಂದ ನೆಲಕ್ಕೆ ಬಿಟ್ಟು ನೋಡುತ್ತಿದ್ದ. ಪುಟಿದರೆ ಕಾಯಿ, ತೆಪ್ಪಗೆ ಬಿದ್ದರೆ ಹಣ್ಣು.

"ನಿನ್ನ ಮೂಗ ನಂಬ್ಕಂಡು ಯಾಪಾರ ಮಾಡದಾ ಅಮ್ಮಿ?" ಎಂದು ಅವನು ರೇಗಿಸುತ್ತಿದ್ದ.

"ಇನ್ನೇನು, ನೆಲ ಕೇಳ್ಕಂಡು ಮಾಡದಾ?" ಎಂದು ಅವಳು ಅವನು ಬೀಳಿಸಿದ ಹಣ್ಣನ್ನೇ ಎತ್ತಿ ಮೂಸಿ, ಬೇರೆ ಗುಡ್ಡೆಗೆ ಹಾಕುತ್ತಿದ್ದಳು.

ಅವರ ಹೊಲ ಊರಿನ ಕೊನೆಯಲ್ಲಿ, ಕಾಡಿಗೆ ತಾಗಿಕೊಂಡಿತ್ತು. ರಾಗಿ ಹಾಕಿದರೆ ಪೈರಿನಲ್ಲಿ ಹಂದಿ, ತೆನೆ ಬಂದಾಗ ಆನೆ. ಉಳಿದದ್ದು ಮನೆಗೆ. ಬದುವಿನ ಮೇಲೆ ಬೇಲದ ಮರಗಳಿದ್ದವು. ಆನೆ ಬೇಲವನ್ನೂ ಬಿಡುವುದಿಲ್ಲ, ಚಿಪ್ಪಿನ ಸಮೇತ ನುಂಗುತ್ತದೆ. ಆದರೂ ಫಲ ಹಿಡಿದ ವರ್ಷ ಎಲ್ಲವನ್ನೂ ತಿಂದು ಮುಗಿಸುವುದು ಅದರಿಂದಲೂ ಆಗದು. ಮಕ್ಕಳು ಕಲ್ಲು ಹೊಡೆದು ಬೀಳಿಸಿ ಉಪ್ಪು ಹಚ್ಚಿ ತಿಂದದ್ದು ಬಿಟ್ಟರೆ ಮಿಕ್ಕ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತಿತ್ತು.

ಚಿಕ್ಕಲಕ್ಷ್ಮಮ್ಮನ ತವರು ಜೀರಹಳ್ಳಿ. ಅಲ್ಲಿ ಅವಳ ಅವ್ವ ಬಸುರಿ ಹೆಂಗಸರಿಗೆಂದು ಬೇಲದ ತಿರುಳಿಗೆ ಬೆಲ್ಲ ಹಾಕಿ ಕಾಸಿ ಕೊಡುತ್ತಿದ್ದಳು. ಅದನ್ನೇ ನೆನೆಸಿಕೊಂಡು ಚಿಕ್ಕಲಕ್ಷ್ಮಮ್ಮ ಒಂದು ವರ್ಷ ಬಾಣಲೆ ತುಂಬ ತಿರುಳು ಕಾಸಿದಳು. ಏಲಕ್ಕಿ, ಒಂದಿಷ್ಟು ಮೆಣಸು ಕುಟ್ಟಿ ಹಾಕಿದಳು. ತಟ್ಟೆಗೆ ಸುರಿದು ಬಿಸಿಲಿಗಿಟ್ಟು ಬಿಲ್ಲೆ ಕತ್ತರಿಸಿದಳು. ರಾಚಪ್ಪ ಒಂದು ಡಬ್ಬದಲ್ಲಿ ತುಂಬಿಕೊಂಡು ದಿಂಬಂನಲ್ಲಿ ಟೀ ಅಂಗಡಿ ಇಟ್ಟಿದ್ದ ಚಿಕ್ಕಬಸಪ್ಪನಿಗೆ ಕೊಟ್ಟು ಬಂದ. ಸತ್ಯಮಂಗಲದಿಂದ ಹತ್ತಿ ಬರುವ ಬಸ್ಸಿನವರು ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಮುಖ ಬಿಳಿಚಿಕೊಂಡು ಅಲ್ಲಿ ಇಳಿಯುತ್ತಾರೆ. ಹುಳಿಹುಳಿಯಾದ ಬಿಲ್ಲೆ ನಾಲಿಗೆ ಮೇಲೆ ಕರಗಿದರೆ ಅವರಿಗೆ ಜೀವ ಬಂದಂತಾಗುತ್ತಿತ್ತು. ಆ ವಾರದಲ್ಲೇ ಚಿಕ್ಕಬಸಪ್ಪ ಹಾಲಿನ ಗಾಡಿಯವನ ಕೈಲಿ ಹೇಳಿ ಕಳಿಸಿದ: "ಇನ್ನೊಂದ್ ಡಬ್ಬ ಕೊಟ್ ಕಳ್ಸಿ."

ಹಾಗೆ ಶುರುವಾದದ್ದು ಬೆಳೆಯಿತು. ಹಿತ್ತಿಲಲ್ಲಿ ತಗಡಿನ ಶೆಡ್ ಎದ್ದಿತು. ಮಹಿಳಾ ಸಂಘದವರು ಓಡಾಡಿ ಲೈಸೆನ್ಸ್ ಮಾಡಿಸಿಕೊಟ್ಟರು. ಊರು ತಮಿಳುನಾಡಿಗೆ ಸೇರಿದ್ದರಿಂದ ಪೊಟ್ಟಣದ ಮೇಲೆ ತಮಿಳಿನಲ್ಲಿ ವಿಳಾಂಪಳಂ ಎಂದೂ ಅದರ ಕೆಳಗೆ ಕನ್ನಡದಲ್ಲಿ ಬೇಲ ಎಂದೂ ಅಚ್ಚಾಯಿತು. ರಾಚಪ್ಪ ಊರೂರು ತಿರುಗಿ, ಬದುಗಳ ಮೇಲೆ ಬಿದ್ದ ಹಣ್ಣನ್ನು ಚೀಲ ತುಂಬಿ ತರುತ್ತಿದ್ದ. ಊರಿನ ಇಬ್ಬರು ಹೆಂಗಸರು ಚಿಪ್ಪು ಒಡೆಯಲು ಬರುತ್ತಿದ್ದರು. ಬಾಣಲೆಯ ಮುಂದೆ ಮಾತ್ರ ಚಿಕ್ಕಲಕ್ಷ್ಮಮ್ಮ ಬೇರೆ ಯಾರನ್ನೂ ನಿಲ್ಲಿಸುತ್ತಿರಲಿಲ್ಲ. ಪಾಕ ಇಳಿಸುವ ಗಳಿಗೆ ಅವಳಿಗೆ ಆವಿಯಲ್ಲೇ ಗೊತ್ತಾಗುತ್ತಿತ್ತು.

ಕೊರೊನಾ ಎರಡನೇ ಸಲ ಬಂದಾಗ ಬೆಟ್ಟಕ್ಕೂ ಹತ್ತಿತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿದರು. ಚಿಕ್ಕಲಕ್ಷ್ಮಮ್ಮನಿಗೆ ಜ್ವರ ಮಾತ್ರ, ರಾಚಪ್ಪನಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಅವನನ್ನು ಸತ್ಯಮಂಗಲಕ್ಕೆ, ಅಲ್ಲಿಂದ ಈರೋಡಿಗೆ ಕರೆದೊಯ್ದಿತು. ಅವಳು ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲಿ ಗಾಡಿ ಹೊರಟಿತ್ತು. ಅವನು ಮತ್ತೆ ಬೆಟ್ಟ ಹತ್ತಲಿಲ್ಲ. ಮಗ ಯೋಗೇಶ್ ಈರೋಡಿನಲ್ಲಿ ದೂರದಿಂದ, ಚೀಲದಲ್ಲಿ ಸುತ್ತಿದ್ದ ಅಪ್ಪನನ್ನು ನೋಡಿ, ಅಲ್ಲೇ ಮಣ್ಣು ಮಾಡಿಸಿ ಬಂದ. ಬಂದವನು ಅವ್ವನ ಹತ್ತಿರವೂ ಸೇರುವಂತಿರಲಿಲ್ಲ. ಅಂಗಳದಲ್ಲಿ ನಿಂತುಕೊಂಡೇ ಹೇಳಿದ. ಅವಳು ಒಳಗಿನಿಂದಲೇ ಕೇಳಿಸಿಕೊಂಡಳು. ರಾಚಪ್ಪನ ಹಾಸಿಗೆ ಬಟ್ಟೆಗಳನ್ನೆಲ್ಲ, ಹೆದರಿದ ನೆಂಟರು ಊರಾಚೆ ಒಯ್ದು ಸುಟ್ಟರು.

ಜ್ವರ ಬಿಟ್ಟು ಎದ್ದ ಮೇಲೆ ಯಾರೋ ಅವಳಿಗೆ ಸಾರು ಕಾಯಿಸಿ ಕೊಟ್ಟರು. ನಾಲಿಗೆಗೆ ಬಿಸಿ ಗೊತ್ತಾಯಿತು, ಉಪ್ಪು ಗೊತ್ತಾಯಿತು. ಅಷ್ಟೇ. ದುಃಖಕ್ಕೆ ಹೀಗಾಗಿದೆ ಎಂದುಕೊಂಡಳು. ಕೊಟ್ಟಿಗೆಗೆ ಹೋದರೆ ಸಗಣಿಯ ವಾಸನೆ ಇಲ್ಲ. ಒಲೆ ಹೊತ್ತಿಸಿದರೆ ಕಣ್ಣು ಉರಿಯುತ್ತದೆ, ಹೊಗೆಯ ವಾಸನೆ ಇಲ್ಲ. ಗಂಡ ಸತ್ತಿರುವಾಗ ಮೂಗಿನ ಚಿಂತೆ ಮಾಡುವುದು ಅವಳಿಗೆ ನಾಚಿಕೆಯೆನಿಸಿತು. ಯಾರಿಗೂ ಹೇಳಲಿಲ್ಲ.

ಮಳೆಗಾಲ ಕಳೆದು ಬೇಲ ಬಂತು. ಶೆಡ್ಡಿನ ಬಾಗಿಲು ತೆರೆದಳು. ಹಣ್ಣನ್ನು ಅಭ್ಯಾಸಬಲದಿಂದ ಮೂಗಿಗೆ ಹಿಡಿದಳು, ಕೆಳಗಿಟ್ಟಳು. ಆಮೇಲೆ ಹೆಂಗಸರು ಇನ್ನೂ ಬಂದಿಲ್ಲದ ಹೊತ್ತಿನಲ್ಲಿ ಒಂದೊಂದೇ ಹಣ್ಣನ್ನು ನೆಲಕ್ಕೆ ಬಿಟ್ಟು ನೋಡಿದಳು. ಪಾಕವನ್ನು ಬಣ್ಣ ನೋಡಿ ಇಳಿಸಿದಳು. ಬಿಲ್ಲೆ ಬಾಯಿಗಿಟ್ಟರೆ ಹುಳಿ ಇತ್ತು, ಸಿಹಿ ಇತ್ತು, ಬೇಲ ಇರಲಿಲ್ಲ. ತಿಂದವರು ಏನೂ ಅನ್ನಲಿಲ್ಲ. ಆ ವರ್ಷ ಹಾಗೆ ಸಾಗಿತು, ಮರುವರ್ಷವೂ ಸಾಗಿತು.

ಅಷ್ಟರಲ್ಲಿ ಯೋಗೇಶನಿಗೆ ಮದುವೆಯಾಯಿತು. ಅವನು ತರಕಾರಿ ಹೇರುವ ಪಿಕಪ್ ಗಾಡಿ ಓಡಿಸುತ್ತಿದ್ದ. ಹೆಂಡತಿ ರಂಜಿನಿ ಚಾಮರಾಜನಗರದ ಕಡೆಯ ಹುಡುಗಿ. ಚುರುಕು, ಮಾತು ಹೆಚ್ಚು. ಅತ್ತೆ ಬಾಣಲೆಯ ಹತ್ತಿರ ಸೇರಿಸುವುದಿಲ್ಲವೆಂದು ಅವಳಿಗೆ ಒಳಗೊಳಗೇ ಬೇಸರವಿತ್ತು.

ಆಮೇಲೊಂದು ಕಾರ್ತಿಕದಲ್ಲಿ ಮಳೆ ಬಿಡದೆ ಹಿಡಿಯಿತು. ರಾಶಿಯಲ್ಲಿದ್ದ ಹಣ್ಣುಗಳ ಚಿಪ್ಪು ಕೂದಲೆಳೆಯಷ್ಟು ಸೀಳಿ, ನೀರು ಇಳಿದು, ತಿರುಳು ಹುದುಗು ಬಂದು ಕೆಟ್ಟಿತು. ಬೇಲದ ತಿರುಳು ಮೊದಲೇ ಕಂದು. ಕೆಟ್ಟರೂ ಬಣ್ಣದಲ್ಲಿ ಬೇಗ ಕಾಣುವುದಿಲ್ಲ. ಚಿಪ್ಪು ಒಡೆಯುತ್ತಿದ್ದ ಹೆಂಗಸರಿಗೆ ವಾಸನೆ ಬಂದಿತ್ತು. ಆದರೆ ಚಿಕ್ಕಲಕ್ಷ್ಮಮ್ಮನೇ ಬುಟ್ಟಿಗೆ ಬಗ್ಗಿ ನೋಡಿ ಸುಮ್ಮನೆ ಎತ್ತಿಕೊಂಡು ಹೋದ ಮೇಲೆ ತಾವೇನು ಹೇಳುವುದು ಎಂದು ಅವರೂ ಸುಮ್ಮನಾದರು.

ಒಂದು ಮಧ್ಯಾಹ್ನ ಚಿಕ್ಕಬಸಪ್ಪ ತಾನೇ ಮೊಪೆಡ್ಡಿನಲ್ಲಿ ದಿಂಬಂನಿಂದ ಬಂದ. ಶೆಡ್ಡಿನ ಮುಂದೆ ಡಬ್ಬ ಇಳಿಸಿದ.

"ಅಕ್ಕ, ಇಷ್ಟ್ ವರ್ಸದಲ್ಲಿ ಒಂದ್ ಮಾತ್ ಅಂದಿವ್ನಾ ನಾನು? ಕೂಸೊಂದು ತಿಂದು ವಾಂತಿ ಮಾಡ್ಬುಡ್ತು. ಅವ್ರಪ್ಪ ನಮ್ ಅಂಗ್ಡಿ ಮುಂದ ನಿಂತ್ಕಂಡು ಬಾಯ್ಗ್ ಬಂದಂಗ ಬೋದ. ನೀವೇ ನೋಡಿ."

ಮುಚ್ಚಳ ತೆಗೆದ. ಕಳ್ಳಿನ ವಾಸನೆಯೂ ಬೂಷ್ಟಿನ ವಾಸನೆಯೂ ಸೇರಿ ಗಪ್ಪೆಂದು ಹೊಡೆಯಿತು. ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡರು. ರಂಜಿನಿ ಎರಡು ಹೆಜ್ಜೆ ಹಿಂದೆ ಸರಿದಳು. ಚಿಕ್ಕಲಕ್ಷ್ಮಮ್ಮ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ, ಮುಖದ ಹತ್ತಿರ ತಂದು, ದೀರ್ಘವಾಗಿ ಉಸಿರೆಳೆದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಏನಾಗದ ಇದಕ್ಕ? ಚೆನ್ನಾಗೇ ಅದಲ್ಲ," ಎಂದಳು.

ಚಿಕ್ಕಬಸಪ್ಪನಿಗೆ ಸಿಟ್ಟು ಬಂತು. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡ. ರಂಜಿನಿ ಮಾತ್ರ ಅತ್ತೆಯನ್ನೇ ನೋಡುತ್ತಿದ್ದವಳು ಮುಂದೆ ಬಂದು ಡಬ್ಬ ಇಸಿದುಕೊಂಡಳು.

"ಅಣ್ಣ, ತೆಪ್ಪಾಯ್ತು. ಇದನ್ನೆಲ್ಲ ಚೆಲ್ಬುಡ್ತೀವಿ. ನೀವ್ ಓಗಿ, ಬೇರೆ ಮಾಡಿ ಕಳುಸ್ತೀವಿ," ಎಂದು ಅವನನ್ನು ಕಳಿಸಿದಳು. ಹೆಂಗಸರನ್ನೂ ಮನೆಗೆ ಕಳಿಸಿದಳು. ಆಮೇಲೆ ಬಂದು ಅತ್ತೆಯ ಪಕ್ಕ ಕೂತಳು.

"ಅತ್ತೆ, ನಿಮ್ಗ ವಾಸ್ನ ಬತ್ತಾ ಇಲ್ವಾ?"

ಚಿಕ್ಕಲಕ್ಷ್ಮಮ್ಮ ಕೈಗೆ ಅಂಟಿದ ಬೆಲ್ಲವನ್ನು ಉಜ್ಜುತ್ತ ಕೂತಿದ್ದಳು.

"ನಿಮ್ ಮಾವ ಓದಾಗ್ಲೇ ಓಯ್ತು ಕಣವ್ವ."

"ಯಾಕ ಏಳ್ನಿಲ್ಲ?"

"ಅವ್ರ ಜೀವಾನೇ ಓಯ್ತು, ನಂದು ಬರೀ ವಾಸ್ನ. ಅದನ್ ಏಳ್ಕಂಡು ಅಳಾಕಾಯ್ತದಾ?"

ಆ ದಿನ ಇಬ್ಬರೂ ಸೇರಿ ಮಾಡಿಟ್ಟಿದ್ದ ಬಿಲ್ಲೆಗಳನ್ನೆಲ್ಲ ಗುಂಡಿ ತೋಡಿ ಹೂತರು. ಬಯಲಲ್ಲಿ ಚೆಲ್ಲಿದರೆ ಹಂದಿ ಬರುತ್ತವೆ.

ಯೋಗೇಶ್ ಅವ್ವನನ್ನು ಸತ್ಯಮಂಗಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಅವರು. ದಿನಾ ಲವಂಗ, ನಿಂಬೆ, ಕಾಫಿಪುಡಿ ಮೂಸಿಸಿ ನೋಡಿ ಎಂದರು. ರಂಜಿನಿ ಬೆಳಗ್ಗೆ ಎದ್ದು ಮೂರು ಲೋಟದಲ್ಲಿ ಅವನ್ನಿಟ್ಟು ಅತ್ತೆಯ ಮುಂದೆ ಕೂರುತ್ತಿದ್ದಳು. ಕಣ್ಣು ಮುಚ್ಚಿ ಎನ್ನುತ್ತಿದ್ದಳು. ಯಾವುದು ಯಾವುದೆಂದು ಚಿಕ್ಕಲಕ್ಷ್ಮಮ್ಮನಿಗೆ ತಿಳಿಯಲಿಲ್ಲ. ಒಂದು ದಿನ ಸುಟ್ಟ ವಾಸನೆ ಬಂತೆಂದು ಕೂಗಿಕೊಂಡು ಸಂಭ್ರಮದಿಂದ ಅಡುಗೆಮನೆಗೆ ಓಡಿದಳು. ಒಲೆ ತಣ್ಣಗಿತ್ತು. ಹಾಲು ಬೆಳಗ್ಗೆಯೇ ಕಾಯಿಸಿ ಇಟ್ಟದ್ದು. ಇಡೀ ಮನೆಯಲ್ಲಿ ಸುಡುವಂಥದ್ದು ಏನೂ ಇರಲಿಲ್ಲ. ಲೋಟಗಳನ್ನು ಆಮೇಲೆ ಅವಳೇ ಎತ್ತಿಡಿಸಿದಳು.

ಇನ್ನೊಂದು ಸಂಗತಿ ಯೋಗೇಶನಿಗೆ ಹೊಳೆಯಿತು. ಕಾಡಂಚಿನಲ್ಲಿ ನಡೆಯುವವರಿಗೆ ಪೊದೆಯ ಹಿಂದಿನ ಆನೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. "ಇನ್ನ ನೀ ಬದುವ್ಗ ಅಣ್ ಆಯಾಕ ಓಗ್ಬ್ಯಾಡ ಕಣವ್ವ. ಇಷ್ಟ್ ದಿನ ಎಂಗ್ ಓಗಿ ಬಂದಿಯೋ, ಆ ಮಾದೇಸ್ವರನ್ಗೇ ಗೊತ್ತು," ಎಂದ. ರಾಚಪ್ಪ ಹೋದ ಮೇಲೆ ಚೀಲ ಹಿಡಿದು ಬದುಗಳಲ್ಲಿ ಅಲೆಯುವುದೊಂದೇ ಅವಳಿಗೆ ಹಗುರವೆನಿಸುತ್ತಿದ್ದ ಕೆಲಸ. ಅದೂ ನಿಂತಿತು. ಹಣ್ಣು ತರಲು ಬೇರೆಯವರನ್ನು ಗೊತ್ತುಮಾಡಿದರು.

ಬಾಣಲೆಯ ಮುಂದೆ ಈಗ ರಂಜಿನಿ ನಿಂತಳು. ಚಿಕ್ಕಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಳು. ವಾಸನೆಯನ್ನು ಮಾತಿನಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

"ಎಂಗಿದ್ರ ಇಳುಸ್ಬೇಕು ಅತ್ತೆ?"

"ಅಳೇ ಬೆಲ್ಲದ್ ಮಡ್ಕ ಬಾಯ್ ತಗದಂಗ... ಅದ್ರೊಳ್ಗ ಒಂಚೂರು ಉಳಿ ಮಜ್ಗ ಸೇರ್ದಂಗ."

ರಂಜಿನಿ ಮೂಸಿದಳು. "ಬೆಲ್ಲ ಬತ್ತಾದ. ಮಜ್ಗ ಬತ್ತಾ ಇಲ್ಲ."

"ಅಂಗಾದ್ರ ಇನ್ನೂ ಇಲ್ಲ. ಕೈ ಬುಡ್ಬ್ಯಾಡ, ತಿರುವು."

ಹೇಳುತ್ತ ಹೇಳುತ್ತ ಅವಳಿಗೇ ಅನುಮಾನ ಬರತೊಡಗಿತು. ತಾನು ಹೇಳುತ್ತಿರುವುದು ನೆನಪೋ, ಬರಿಯ ಮಾತೋ? ರಂಜಿನಿ ಕೆಲವು ದಿನ ಕೇಳಿದಳು, ಆಮೇಲೆ ತನ್ನ ಮೂಗನ್ನೇ ನಂಬಿ ಇಳಿಸತೊಡಗಿದಳು. ಮೆಣಸು ಕಡಿಮೆ ಮಾಡಿದಳು, ಶುಂಠಿ ಸೇರಿಸಿದಳು. ಚಿಕ್ಕಬಸಪ್ಪ ಮೊದಲು ಒಂದೇ ಡಬ್ಬ ಅಳುಕುತ್ತಲೇ ಇಟ್ಟುಕೊಂಡ. ಆಮೇಲೆ ಎರಡು ಕೇಳಿದ. "ಮೊದ್ಲಿನ್ದುಕ್ಕಿಂತ ಇದೇ ಚೆಂದಾಗದ ಅಂತಾವ್ರ ಜನ," ಎಂದು ಯೋಗೇಶನ ಮುಂದೆ ಹೇಳಿದ. ಯೋಗೇಶ್ ಅದನ್ನು ಮನೆಯಲ್ಲಿ ಖುಷಿಯಿಂದ ಹೇಳಿದ. ಚಿಕ್ಕಲಕ್ಷ್ಮಮ್ಮ "ಒಳ್ಳೇದಾಯ್ತು" ಎಂದಳು. ಒಂದು ಬಿಲ್ಲೆ ತೆಗೆದು ಬಾಯಿಗಿಟ್ಟುಕೊಂಡಳು. ಹುಳಿ, ಸಿಹಿ, ಸ್ವಲ್ಪ ಖಾರ. ಯಾವುದಕ್ಕಿಂತ ಚೆಂದವೋ ಅವಳಿಗೆ ಗೊತ್ತಾಗಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ರಂಜಿನಿ ಟ್ರಂಕು ಒರೆಸುತ್ತಿದ್ದಾಗ ಸೀರೆಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ ಹಳೆಯ ಟವಲೊಂದು ಸಿಕ್ಕಿತು. ನೆಂಟರು ಬಟ್ಟೆಗಳನ್ನು ಸುಡಲು ಒಯ್ಯುವಾಗ ಚಿಕ್ಕಲಕ್ಷ್ಮಮ್ಮ ದಿಂಬಿನ ಕೆಳಗೆ ಬಚ್ಚಿಟ್ಟದ್ದು ಅದು. ರಾಚಪ್ಪ ಹೆಗಲಿಗೆ ಹಾಕುತ್ತಿದ್ದ ಟವಲು. ಮೂಗು ಸರಿಹೋದ ದಿನ ತೆಗೆದು ನೋಡೋಣವೆಂದು ಗಾಳಿಯಾಡದಂತೆ ಕಟ್ಟಿ ಇಟ್ಟಿದ್ದಳು.

"ಬಿಚ್ಚವ್ವ," ಎಂದಳು ಚಿಕ್ಕಲಕ್ಷ್ಮಮ್ಮ. "ನಿಂಗೇನ್ ಬತ್ತದ ಏಳು."

ರಂಜಿನಿ ಗಂಟು ಬಿಚ್ಚಿ ಟವಲನ್ನು ಮುಖಕ್ಕೆ ಹಿಡಿದಳು. ಬೆವರಿನ ಪಸೆಯಲ್ಲಿ ಕಟ್ಟಿಟ್ಟ ಬಟ್ಟೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬಿದ್ದಿದ್ದವು. ಬೂಷ್ಟಲ್ಲದೆ ಬೇರೆ ವಾಸನೆ ಇರಲಿಲ್ಲ. ಅವಳು ಮಾವನನ್ನು ಕಂಡವಳಲ್ಲ. ಎದುರಿಗೆ ಕಾದು ಕೂತ ಮುಖ ನೋಡಿದಳು.

"ಮಾವುನ್ ವಾಸ್ನ ಅದ ಅತ್ತೆ. ಬೆವ್ರು... ಆಮೇಕ ಬೀಡಿದು."

ರಾಚಪ್ಪ ಜೀವಮಾನದಲ್ಲಿ ಬೀಡಿ ಮುಟ್ಟಿದವನಲ್ಲ. ಹೊಗೆಯ ಹತ್ತಿರ ನಿಂತರೆ ಕೆಮ್ಮುತ್ತಿದ್ದ.

ಚಿಕ್ಕಲಕ್ಷ್ಮಮ್ಮ ಸೊಸೆಯನ್ನು ಸ್ವಲ್ಪ ಹೊತ್ತು ನೋಡಿದಳು. "ಊ ಕಣವ್ವ," ಎಂದಳು. ಕೈ ಚಾಚಿ ಟವಲು ಇಸಿದುಕೊಂಡಳು. ಅವನ ವಾಸನೆ ಹೇಗಿತ್ತೆಂದು ತಾನೇ ಹೇಳಹೊರಟರೆ ಎಮ್ಮೆ, ಎಲೆಅಡಿಕೆ, ಬಿಸಿಲು ಎಂಬ ಹೆಸರುಗಳು ಬಂದವು. ಆ ವಾಸನೆ ಮಾತ್ರ ನೆನಪಿಗೆ ಬರಲಿಲ್ಲ. ಟವಲನ್ನು ಹಿತ್ತಿಲಿಗೆ ಒಯ್ದು, ಸೋಪು ಹಾಕಿ, ಕಲ್ಲಿನ ಮೇಲೆ ನಿಧಾನವಾಗಿ ಒಗೆದಳು. ಕಪ್ಪು ಚುಕ್ಕೆಗಳು ಹೋಗಲಿಲ್ಲ.

ಈಗ ರಂಜಿನಿ ಬೇಲದ ಜೊತೆಗೆ ನೆಲ್ಲಿಕಾಯಿಯನ್ನೂ ಹಿಡಿದಿದ್ದಾಳೆ. ತಾಳವಾಡಿ ಸಂತೆಯಲ್ಲಿ ಅವಳ ಪೊಟ್ಟಣಗಳು ಸಿಗುತ್ತವೆ. ಚಿಕ್ಕಲಕ್ಷ್ಮಮ್ಮ ಶೆಡ್ಡಿನ ಮೂಲೆಯಲ್ಲಿ ಹೆಂಗಸರ ಜೊತೆ ಕೂತು ಚಿಪ್ಪು ಒಡೆಯುತ್ತಾಳೆ. ಒಡೆದದ್ದನ್ನು ಪ್ರತಿ ಸಲವೂ ಪಕ್ಕದವಳ ಕಡೆ ಚಾಚುತ್ತಾಳೆ. ಅವಳು ಮೂಸಿ ತಲೆಯಾಡಿಸಿದರೆ ತಿರುಳನ್ನು ಬುಟ್ಟಿಗೆ ಹಾಕುತ್ತಾಳೆ. ಒಳಗೆ ಬಾಣಲೆ ಕುದಿಯತೊಡಗಿ, ಹೆಂಗಸರಲ್ಲಿ ಯಾರಾದರೂ ತಲೆಯೆತ್ತಿ "ಅಬ್ಬ, ಏನ್ ಗಮಲು!" ಎಂದರೆ, ಚಿಕ್ಕಲಕ್ಷ್ಮಮ್ಮನೂ ತಲೆಯೆತ್ತುತ್ತಾಳೆ, "ಊ" ಅನ್ನುತ್ತಾಳೆ, ಮುಂದಿನ ಹಣ್ಣನ್ನು ಕೈಗೆತ್ತಿಕೊಳ್ಳುತ್ತಾಳೆ.