ಹೊಳೆಗಿಳಿದವರ ಗಾಡಿ ಮುಟ್ಟಿಸುವ ಓಲೀಟಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಿಲ್ ಬುಗ್ಗೆಯ ಕಡವಿನಲ್ಲಿ ಮಂಜು ನೀರಿಗೆ ಅಂಟಿಕೊಂಡು ನಿಂತಿದೆ. ಓಲೀಟಾ ಕ್ರೈಡರ್ ಒಂದು ಕೆಂಪು ಪಿಕಪ್ ಟ್ರಕ್ಕಿನ ಪಕ್ಕ ಮಂಡಿಯೂರಿ, ಮುಂದಿನ ಎಡ ಚಕ್ರದ ಮೇಲೆ ಕೈಯಾಡಿಸುತ್ತಾರೆ. ಮೊದಲು ಕೆಸರು ಸಿಗುತ್ತದೆ, ಆಮೇಲೆ ಒಂದು ಜೇಡ, ಕೊನೆಗೆ ಬೀಗದ ಕೈ. ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಟ್ರಕ್ಕಿನ ಹಿಂದೆ ಹೋಗಿ ನಂಬರ್ ಪ್ಲೇಟಿಗೆ ಟಾರ್ಚ್ ಬಿಡುತ್ತಾರೆ.

"ಕೊನೇದು ಏಳು!" ಎಂದು ಕೂಗುತ್ತಾರೆ.

ಹಿಂದಿನ ಹಳೇ ಕಾರಿನಲ್ಲಿ ಕಾಫಿ ಹೀರುತ್ತಿರುವ ಗಂಡ ವರ್ಜಿಲ್ ಕಿಟಕಿ ಇಳಿಸುತ್ತಾರೆ. "ಏಳೇ ಕಣೇ. ಹತ್ಕೋ."

"ಬಣ್ಣ ಏನು ಹೇಳಿದ್ರು?"

"ಕೆಂಪು. ಇನ್ನು ಅದರ ಅಪ್ಪ-ಅಮ್ಮನ ಹೆಸರೂ ಕೇಳ್ತೀಯಾ?"

ಓಲೀಟಾ ಹತ್ತುತ್ತಾರೆ. ಟ್ರಕ್ ಮುಂದೆ, ಕಾರು ಹಿಂದೆ. ಕೆಂಪು ಟ್ರಕ್ಕಿನ ಯಜಮಾನ ಆಗಲೇ ದೋಣಿಯಲ್ಲಿ ಎರಡು ತಿರುವು ದಾಟಿದ್ದಾನೆ. ಗರಿ, ರೋಮ ಸುತ್ತಿ ಹುಳುವಿನಂತೆ ಕಟ್ಟಿದ ಕೊಕ್ಕೆಯನ್ನು ನೀರಿನ ಮೇಲೆ ಬೀಸುತ್ತಾ, ಬುಗ್ಗೆಯ ತಣ್ಣೀರಿನಲ್ಲಿ ಟ್ರೌಟ್ ಮೀನು ಹಿಡಿಯುತ್ತಾ ತೇಲುತ್ತಾನೆ. ಮಧ್ಯಾಹ್ನದ ಹೊತ್ತಿಗೆ ನೀರು ಬೆಚ್ಚಗಾಗಿ ಸ್ಮಾಲ್‌ಮೌತ್ ಬಾಸ್ ಮೀನಿನ ಸೀಮೆ ಶುರುವಾಗುತ್ತದೆ. ಸಂಜೆಗೆ ಹತ್ತು ಮೈಲಿ ಕೆಳಗೆ, ಪ್ರೂಯಿಟ್ ಕಡವಿನಲ್ಲಿ ದಡ ಹತ್ತುತ್ತಾನೆ. ದೋಣಿ ಹರಿವಿಗೆ ಎದುರಾಗಿ ಮೇಲೆ ಬರುವುದಿಲ್ಲ. ಟ್ರಕ್ಕೇ ಕೆಳಗೆ ಹೋಗಬೇಕು. ಅದನ್ನು ಅಲ್ಲಿಗೆ ಮುಟ್ಟಿಸುವುದು ಓಲೀಟಾ ಅವರ ಕೆಲಸ.

ಈ ಸಿಕಮೋರ್ ಹೊಳೆಯ ಮೀನಿನ ಬಗ್ಗೆ ಬರೆದವರುಂಟು, ದೋಣಿ ನಡೆಸುವವರ ಫೋಟೋ ಹಾಕಿದವರುಂಟು. ಸಂಜೆ ಒದ್ದೆಯಾಗಿ ದಡ ಹತ್ತಿದಾಗ ಗಾಡಿ ಅಲ್ಲಿರುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಸೂರ್ಯ ಮುಳುಗಿದಷ್ಟೇ ಸಹಜವೆಂದು ತಿಳಿದಿದ್ದಾರೆ. ಈ ವಸಂತದಲ್ಲಿ ಅದು ನಿಂತೇಹೋಗುವುದರಲ್ಲಿತ್ತು.

ಓಲೀಟಾ ಅವರಿಗೆ ಅರವತ್ತಾರು. ಪೇಟೆಯ ಶೂ ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುತ್ತಿದ್ದವರು. ಕಾರ್ಖಾನೆ ಮುಚ್ಚಿದ ವರ್ಷವೇ ವರ್ಜಿಲ್ ಅವರ ಮಂಡಿ ಸಾಮಿಲ್ಲಿನಲ್ಲಿ ಮುರಿಯಿತು. ಯಾರೋ ಪರಿಚಯದವರು, "ನಮ್ಮ ಗಾಡಿ ಒಂಚೂರು ಕೆಳಗೆ ಬಿಡ್ತೀರಾ?" ಎಂದು ಕೇಳಿದ್ದೇ ಕಸುಬಾಯಿತು. ಬೇಸಿಗೆಯ ಶನಿವಾರ ಹದಿನೈದು ಗಾಡಿಯಾದರೂ ಆಗುತ್ತವೆ, ಚಳಿಗಾಲದಲ್ಲಿ ಒಂದೋ ಎರಡೋ. ಹೊಳೆಯಲ್ಲಿ ಹತ್ತು ಮೈಲಿ ಇರುವುದು ಗುಡ್ಡದ ರಸ್ತೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು. ಕೆಲವು ಗಾಡಿಗಳಿಗೆ ಬ್ರೇಕು ನೆಪಕ್ಕೆ ಮಾತ್ರ ಇರುತ್ತದೆ. ಒಂದರಲ್ಲಿ ಸೀಟಿನ ಕೆಳಗಿಂದ ಹಾವು ಬಂದಿತ್ತು. ಇನ್ನೊಂದರಲ್ಲಿ ಯಜಮಾನರು ಮರೆತುಹೋದ ನಾಯಿ, ದಾರಿಯುದ್ದಕ್ಕೂ ಇವರ ಕಿವಿ ನೆಕ್ಕಿತ್ತು.

"ಹಾವೇ ವಾಸಿ. ಸುಮ್ನೆ ಕೂತಿತ್ತು," ಎನ್ನುತ್ತಾರೆ ಓಲೀಟಾ.

ಅವರದೊಂದು ನಿಯಮವಿದೆ. ಗಾಡಿಯೊಳಗೆ ಏನಿದೆ ಎಂದು ನೋಡುವುದಿಲ್ಲ. ರೇಡಿಯೋ ಮುಟ್ಟುವುದಿಲ್ಲ, ಮುಚ್ಚಿಟ್ಟದ್ದನ್ನು ತೆರೆಯುವುದಿಲ್ಲ. "ಬೀಗದ ಕೈ ಚಕ್ರದ ಮೇಲಿಟ್ಟು ಹೋಗೋನು ಮನೆ ಬಾಗಿಲು ತೆರೆದಿಟ್ಟು ಹೋದಂಗೆ. ಒಳಗೆ ಇಣುಕೋದು ನಮಗೆ ಶೋಭೆ ಅಲ್ಲ," ಎನ್ನುತ್ತಾರೆ. ಒಳ್ಳೆಯ ನಿಯಮವೇ. ಮಾರ್ಚ್ ತಿಂಗಳಲ್ಲಿ ಅವರು ಎಡವಿದ್ದು ಮಾತ್ರ ಇದರಿಂದಲೇ.

ಪ್ರೂಯಿಟ್ ಕಡವು ಸಾರ್ವಜನಿಕ ಜಾಗವಲ್ಲ. ಅದು ಮುದುಕ ಲಾಯ್ ಪ್ರೂಯಿಟ್ ಅವರ ಹುಲ್ಲುಗಾವಲಿನ ಅಂಚು. ಅಲ್ಲಿ ಗಾಡಿ ನಿಲ್ಲಿಸಲು ಲಾಯ್ ಯಾರನ್ನೂ ತಡೆದವರಲ್ಲ. ಅವರು ತೀರಿಕೊಂಡ ಮೇಲೆ ಜಮೀನು ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿರುವ ಅಣ್ಣನ ಮಗ ರಸೆಲ್‌ಗೆ ಬಂತು. ಹೋದ ಬೇಸಿಗೆಯಲ್ಲಿ ಗಾಳಿ ತುಂಬಿದ ಟ್ಯೂಬುಗಳ ಮೇಲೆ ತೇಲಿಬಂದ ಗುಂಪೊಂದು ಅಲ್ಲೇ ಕುಡಿದು, ಬಾಟಲಿ ಒಡೆದು, ಹುಲ್ಲಿಗೆ ಬೆಂಕಿ ಹಚ್ಚಿಹೋಗಿತ್ತು. ರಸೆಲ್ ಕಡವು ಮುಚ್ಚುತ್ತಾನಂತೆ ಎಂಬ ಸುದ್ದಿ ಚಳಿಗಾಲವಿಡೀ ಓಡಾಡಿತು. ಅವನದೂ ತಪ್ಪೆನ್ನಲಾಗದು. ಆದರೆ ಅದರ ಕೆಳಗಿನ ಕಡವು ಇನ್ನೂ ಹನ್ನೊಂದು ಮೈಲಿ ದೂರದ ಸೇತುವೆಯ ಹತ್ತಿರ. ನಡುವೆ ಎರಡೂ ಕಡೆ ಕಲ್ಲಿನ ಗೋಡೆ. ಮೀನು ಹಿಡಿಯುತ್ತಾ ಒಂದೇ ದಿನದಲ್ಲಿ ಅಷ್ಟು ದೂರ ಯಾರೂ ತೇಲುವುದಿಲ್ಲ. ಪ್ರೂಯಿಟ್ ಕಡವಿಗೆ ಸರಪಳಿ ಬಿದ್ದರೆ ಓಲೀಟಾ ಅವರ ಕೆಲಸ ಮುಗಿದಂತೆ.

ಇಂಥ ದಿನಗಳಲ್ಲಿ ಒಂದು ರಾತ್ರಿ ಡೆಲ್ಮರ್ ಟ್ಯಾಕೆಟ್ ಫೋನ್ ಮಾಡುತ್ತಾನೆ. ಇಟ್ಟಿಗೆ ಕೆಲಸದವನು, ಹಳೇ ಗಿರಾಕಿ. "ಓಲೀಟಕ್ಕಾ, ನಾಳೆ ಇಳೀತೀನಿ. ಬಿಳಿ ಟ್ರಕ್. ಬೀಗದ ಕೈ ಗೊತ್ತಲ್ಲ?" ಅಷ್ಟೇ ಮಾತು. ಬೆಳಗಾಗುವಾಗ ಇವರು ಮಿಲ್ ಬುಗ್ಗೆಗೆ ಬಂದರೆ ಒಂದೇ ಒಂದು ಬಿಳಿ ಟ್ರಕ್ ನಿಂತಿದೆ, ಎಡ ಚಕ್ರದ ಮೇಲೆ ಬೀಗದ ಕೈ ಇದೆ. ಓಲೀಟಾ ಹತ್ತಿ ಕೂತು ಹೊರಟೇಬಿಟ್ಟರು.

"ಸೀಟು ಒಂದು ಮೈಲಿ ಹಿಂದಕ್ಕಿತ್ತು," ಎಂದು ಈಗ ನಗುತ್ತಾರೆ. "ಡೆಲ್ಮರ್ ನನ್ನ ಹೆಗಲಿಗೆ ಬರ್ತಾನೆ. ಆಗ್ಲಾದ್ರೂ ತಲೆ ಓಡ್ಬೇಕಿತ್ತು."

"ತಲೆ ಓಡ್ತು," ವರ್ಜಿಲ್ ಬಿಡುವುದಿಲ್ಲ. "ಪಾಪ, ಡೆಲ್ಮರ್ ಕಾಲು ಉದ್ದ ಆಗಿರ್ಬೇಕು ಅಂದ್ಕೊಂಡ್ಲು."

ಸೀಟಿನ ಕೆಳಗೆ ಹೊಸ ಸರಪಳಿಯೊಂದು ಕಾಲಿಗೆ ತಾಗಿತ್ತು. ಅದೂ ಅನುಮಾನ ಹುಟ್ಟಿಸಲಿಲ್ಲ. ಇಲ್ಲಿಯ ಹಳಬರು ದೋಣಿ ನಿಧಾನವಾಗಲೆಂದು ಹಿಂದೆ ಸರಪಳಿ ಎಳೆದುಕೊಂಡು ಹೋಗುತ್ತಾರೆ. ಹಿಂಭಾಗದಲ್ಲಿ ಟಾರ್ಪಾಲಿನ ಕೆಳಗೆ ಏನೋ ಇತ್ತು. ನಿಯಮದಂತೆ ನೋಡಲಿಲ್ಲ. ಟ್ರಕ್ಕನ್ನು ಪ್ರೂಯಿಟ್ ಕಡವಿನಲ್ಲಿ ನಿಲ್ಲಿಸಿ, ವರ್ಜಿಲ್ ಅವರ ಕಾರಿನಲ್ಲಿ ಮನೆಗೆ ಬಂದರು.

ಮಧ್ಯಾಹ್ನ ಪೆಟ್ರೋಲ್ ಬಂಕಿಗೆ ಹೋದಾಗ ಅಲ್ಲಿಯ ತಿಂಡಿ ಕೌಂಟರಿನ ವಿಲ್ಡಾ ಮಾತಿನ ನಡುವೆ ಹೇಳಿದಳು: "ಡೆಲ್ಮರ್ ಇವತ್ತು ಬೆಳಿಗ್ಗೆ ಇಲ್ಲೇ ಕೂತು ಬಿಸ್ಕಿಟ್-ಗ್ರೇವಿ ಎರಡು ತಟ್ಟೆ ಖಾಲಿ ಮಾಡ್ದ. ಒಂಬತ್ತಾದ್ರೂ ಏಳ್ಲಿಲ್ಲ. ದೋಣಿ ಮುಳುಗ್ತದೆ ನೋಡು ಅಂದೆ."

ಓಲೀಟಾ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಒಂಬತ್ತಕ್ಕೆ ಡೆಲ್ಮರ್ ಇಲ್ಲಿದ್ದರೆ, ನಸುಕಿನಲ್ಲಿ ತಾನು ಒಯ್ದದ್ದು ಯಾರ ಗಾಡಿ?

ಮಿಲ್ ಬುಗ್ಗೆಗೆ ಓಡಿದರು. ಇನ್ನೊಂದು ಬಿಳಿ ಟ್ರಕ್ ಅಲ್ಲಿ ನಿಂತಿತ್ತು, ಎಡ ಚಕ್ರದ ಮೇಲೆ ಬೀಗದ ಕೈಯೂ ಇತ್ತು. ಡೆಲ್ಮರ್ ಇಲ್ಲ, ಅವನ ದೋಣಿಯೂ ಇಲ್ಲ. ಮೊದಲ ಟ್ರಕ್ಕಿನ ಯಜಮಾನನ ಸುಳಿವೂ ಇಲ್ಲ. ಕೂಗಿದರು, ದಡದುದ್ದ ನಡೆದರು. ಆ ಕಣಿವೆಯಲ್ಲಿ ಫೋನ್ ಹಿಡಿಯುವುದಿಲ್ಲ. ಮೋಡ ಕವಿದು ಸಣ್ಣ ಮಳೆ ಶುರುವಾಗಿತ್ತು. ಡೆಲ್ಮರನ ಟ್ರಕ್ಕನ್ನು ಕೆಳಗೆ ಮುಟ್ಟಿಸಲೇಬೇಕಿತ್ತು, ಮುಟ್ಟಿಸಿದರು. ಪ್ರೂಯಿಟ್ ಕಡವಿನಲ್ಲಿ ಎರಡು ಬಿಳಿ ಟ್ರಕ್ಕುಗಳು ಅಕ್ಕಪಕ್ಕ ನಿಂತ ಮೇಲೆ ಓಲೀಟಾ ಜೀವನದಲ್ಲಿ ಮೊದಲ ಸಲ ನಿಯಮ ಮುರಿದು ಟಾರ್ಪಾಲು ಎತ್ತಿದರು.

ಕೆಳಗೆ ಎರಡು ಕಬ್ಬಿಣದ ಕಂಬ ಇದ್ದವು. ಮಗುಚಿ ಮಲಗಿಸಿದ ಹಲಗೆಯೊಂದಿತ್ತು. ತಿರುಗಿಸಿದರು. "ಒಳಗೆ ಪ್ರವೇಶವಿಲ್ಲ. ಆರ್. ಪ್ರೂಯಿಟ್."

"ಹಲಗೆ ಎರಡೆರಡು ಸಲ ಓದ್ದೆ," ಎಂದು ನೆನೆಯುತ್ತಾರೆ. "ನನ್ನ ಕಡವು ಮುಚ್ಚೋ ಸಾಮಾನು ನಾನೇ ಹೊತ್ತು ತಂದು ಜಾಗಕ್ಕೆ ಮುಟ್ಟಿಸಿದ್ದೆ! ಮುಚ್ಚೋಕೆ ಬಂದವನ ಗಾಡಿ ನಾನೇ ಕದ್ದಂಗಾಯ್ತು. ಇನ್ನು ಅವನು ಬಿಡ್ತಾನಾ?"

"ಸರಪಳಿ ಮಡುವಿಗೆ ಹಾಕಿಬಿಡೋಣ ಅಂದೆ," ಎನ್ನುತ್ತಾರೆ ವರ್ಜಿಲ್.

"ಸುಮ್ನಿರು ಅಂದೆ. ಸರಪಳಿ ಅವಂದು, ಜಾಗ ಅವಂದು. ಮೊದ್ಲು ಮನುಷ್ಯ ಎಲ್ಲಿ? ಮಾರ್ಚ್ ನೀರು, ಮಳೆ, ಗಾಡಿ ಇಲ್ಲ. ಎಲ್ಲಾದ್ರೂ ಬಿದ್ದಿದ್ರೆ? ಕಡವು ಹೋದ್ರೆ ಹೋಗ್ಲಿ, ಅವನೊಬ್ಬ ಸಿಗ್ಲಿ ಅಂತ ನಿಂತಿದ್ದೆ."

ಕತ್ತಲಾಗುವ ಸ್ವಲ್ಪ ಮುಂಚೆ ಮೇಲಿನ ತಿರುವಿನಲ್ಲಿ ಡೆಲ್ಮರನ ದೋಣಿ ಕಾಣಿಸಿತು. ಓಲೀಟಾ ಕಣ್ಣು ಕಿರಿದು ಮಾಡಿ ನೋಡಿದರು. ದೋಣಿಯಲ್ಲಿ ಎರಡು ತಲೆ!

"ಓಲೀಟಕ್ಕಾ!" ಡೆಲ್ಮರ್ ದೂರದಿಂದಲೇ ಶುರು ಮಾಡಿದ. "ಈ ವಯಸ್ಸಲ್ಲಿ ಗಾಡಿ ಕಳ್ಳತನ ಕಲಿತ್ಯಾ?"

ನಡೆದದ್ದು ಇಷ್ಟು. ಕಂಬ ನೆಡುವ ಮುಂಚೆ ಒಂದು ಗಂಟೆ ಟ್ರೌಟಿಗೆ ಗಾಳ ಬೀಸೋಣವೆಂದು ರಸೆಲ್ ನಸುಕಿನಲ್ಲಿ ಮಿಲ್ ಬುಗ್ಗೆಗೆ ಬಂದಿದ್ದ. ನೀರಿನಲ್ಲಿ ನಿಂತಾಗ ಬೀಗದ ಕೈ ಜೇಬಿನಿಂದ ಜಾರಿದರೆ ಮತ್ತೆ ಸಿಗುವುದಿಲ್ಲ. ಚಿಕ್ಕಪ್ಪ ಕಲಿಸಿದ್ದಂತೆ ಚಕ್ರದ ಮೇಲಿಟ್ಟ. ತಿರುವಿನಾಚೆಯಿಂದ ವಾಪಸ್ ಬಂದರೆ ಟ್ರಕ್ ಇಲ್ಲ. ಎದೆಯವರೆಗಿನ ರಬ್ಬರ್ ಪ್ಯಾಂಟಿನಲ್ಲಿ ನಡುಗುತ್ತಾ ನಿಂತವನನ್ನು ತಡವಾಗಿ ಬಂದ ಡೆಲ್ಮರ್ ನೋಡಿದ. ಓಲೀಟಾ ಗಾಡಿ ಅದಲುಬದಲು ಮಾಡಿದ್ದಾರೆಂದು ತಕ್ಷಣ ಹೊಳೆಯಿತು. ರಸ್ತೆಯಲ್ಲಿ ಕರೆದೊಯ್ಯಬಹುದಿತ್ತು. ಆದರೆ ಮೀನು ಹಿಡಿಯುವ ದಿನ ಡೆಲ್ಮರ್ ರಸ್ತೆಗೆ ಸಮಯ ಕೊಡುವವನಲ್ಲ.

"ಹೊಳೆ ಅಲ್ಲಿಗೇ ಹೋಗ್ತದೆ, ಕೂತ್ಕೋ ಅಂದೆ," ಎನ್ನುತ್ತಾನೆ ಡೆಲ್ಮರ್. "ದಾರಿ ಬೇಜಾರಾಗ್ಬಾರ್ದು ಅಂತ ಊರ ಸುದ್ದಿ ತೆಗೆದೆ. ಆ ಪ್ರೂಯಿಟ್ ಅನ್ನೋ ಕತ್ತೆ ಕಡವು ಮುಚ್ತಾನಂತೆ, ಚಿಕ್ಕಪ್ಪನ ಹೆಸರು ಮಣ್ಣುಪಾಲು ಮಾಡ್ತಾನೆ ಅಂತ ಬಾಯಿಗೆ ಬಂದಂಗೆ ಬೈದೆ. ಅರ್ಧ ಹೊಳೆ ಆದ್ಮೇಲೆ, ಅಂದಂಗೆ ನಿನ್ನ ಹೆಸರೇನಪ್ಪಾ ಅಂತ ಕೇಳ್ದೆ."

"ಅಷ್ಟೊತ್ತು ಬೈಸ್ಕೊಂಡು ಸುಮ್ನಿದ್ಯಲ್ಲೋ ಮಾರಾಯ!" ಎಂದನಂತೆ ಡೆಲ್ಮರ್, ಹೆಸರು ಕೇಳಿದ ಮೇಲೆ.

"ದೋಣಿ ನಿಂದು. ನಂಗೆ ಈಜು ಬರಲ್ಲ," ಎಂದನಂತೆ ರಸೆಲ್.

ದಡಕ್ಕೆ ಬಂದಾಗ ರಸೆಲ್‌ಗೆ ಎದ್ದು ನಿಲ್ಲಲಾಗಲಿಲ್ಲ, ಕಾಲು ಮರಗಟ್ಟಿತ್ತು. ವರ್ಜಿಲ್ ಮತ್ತು ಡೆಲ್ಮರ್ ಎರಡೂ ಕಡೆ ಹಿಡಿದು ಎತ್ತಿದರು. ಓಲೀಟಾ ಅವನ ಟ್ರಕ್ಕಿನ ಹೀಟರ್ ಹಾಕಿಟ್ಟಿದ್ದರು. ಕೂರಿಸಿ, ಫ್ಲಾಸ್ಕಿನ ಕಾಫಿ ಕೈಗೆ ಕೊಟ್ಟು, ನೇರವಾಗಿ ಹೇಳಿದರು:

"ನೋಡಪ್ಪಾ, ಗಾಡಿ ಒಯ್ದಿದ್ದು ನಾನು. ಬೇಕಂತ ಅಲ್ಲ, ಡೆಲ್ಮರಂದು ಅಂದ್ಕೊಂಡೆ. ನಿಮ್ಮ ಹಲಗೆ, ಕಂಬ ಎಲ್ಲಾ ನೋಡ್ದೆ. ಜಾಗ ನಿಮ್ದು, ಮುಚ್ಚೋದು ನಿಮ್ಮಿಷ್ಟ. ಪೊಲೀಸಿಗೆ ಹೇಳ್ಬೇಕಂದ್ರೂ ಹೇಳಿ."

ರಸೆಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ. "ಮೇಲೆ ದೋಣೀಲಿ ಇವನನ್ನ ಕೇಳ್ದೆ, ಅಮ್ಮಾ," ಎಂದ. "ಇನ್ನೆಷ್ಟು ದೂರ ಅಂತ. ಎರಡು ತಿರುವು ಅಂದ. ಕಡವಿಗೆ ಸರಪಳಿ ಹಾಕಿದ್ರೆ ಇನ್ನೂ ಹನ್ನೊಂದು ಮೈಲಿ, ಸೇತುವೇವರೆಗೂ ಅಂದ."

"ಸುಳ್ಳಲ್ವಲ್ಲ," ಎಂದ ಡೆಲ್ಮರ್.

"ಆ ಎರಡು ತಿರುವೇ ಮುಗಿಯೋಂಗೆ ಕಾಣ್ಲಿಲ್ಲ ನಂಗೆ," ಎಂದ ರಸೆಲ್. ಕಾಫಿ ಮುಗಿಸಿ, ಥ್ಯಾಂಕ್ಸ್ ಹೇಳಿ, ಟ್ರಕ್ ತಿರುಗಿಸಿಕೊಂಡು ಹೋದ. ಮುಚ್ಚುತ್ತೇನೆ ಎನ್ನಲಿಲ್ಲ, ಬಿಡುತ್ತೇನೆ ಎಂದೂ ಹೇಳಲಿಲ್ಲ.

ಮುಂದಿನ ವಾರ ಓಲೀಟಾ ಗಾಡಿಯೊಂದನ್ನು ಕೆಳಗೆ ತರುವಾಗ ದೂರದಿಂದಲೇ ಆ ಎರಡು ಕಂಬ ಕಂಡವು. ನಡುವೆ ಸರಪಳಿ ಹೊಳೆಯುತ್ತಿತ್ತು. "ಮುಗೀತು ಅಂದ್ಕೊಂಡೆ. ಬ್ರೇಕ್ ಮೇಲೆ ಕಾಲಿಟ್ಟು ಅಲ್ಲೇ ಕೂತೆ. ಹಿಂದಿನಿಂದ ಇವ್ರು ಹಾರ್ನ್ ಹೊಡೀತಾ ಇದ್ರು."

"ಹಾರ್ನ್ ಹೊಡೆದಿದ್ದು ಕಣ್ಬಿಟ್ಟು ನೋಡೇ ಅಂತ," ಎನ್ನುತ್ತಾರೆ ವರ್ಜಿಲ್.

ಸರಪಳಿ ಬಿದ್ದದ್ದು ಹುಲ್ಲುಗಾವಲಿಗೆ ಹೋಗುವ ದಾರಿಗೆ. ಹೊಳೆಗೆ ಇಳಿಯುವ ದಾರಿ ತೆರೆದೇ ಇತ್ತು. ಹಲಗೆಯ ಬೆನ್ನಿಗೆ ಹೊಸದಾಗಿ ಬಣ್ಣದಲ್ಲಿ ಬರೆದಿತ್ತು: "ಗಾಜಿನ ಬಾಟಲಿ ಬೇಡ. ಬೆಂಕಿ ಬೇಡ. ಕತ್ತಲಾದ ಮೇಲೆ ಬೇಡ. ಮಿಕ್ಕಿದ್ದಕ್ಕೆ ಓಲೀಟಾ ಕ್ರೈಡರ್ ಅವರನ್ನು ಕೇಳಿ."

ಈಗ ಟ್ಯೂಬಿನವರನ್ನು ಗದರುವ ಕೆಲಸವೂ ಓಲೀಟಾ ಅವರ ಪಾಲಿಗೆ ಬಂದಿದೆ. ಸಂಜೆ ಹೊತ್ತು ಚೀಲ ಹಿಡಿದು ಡಬ್ಬಿ, ಪ್ಲಾಸ್ಟಿಕ್ ಹೆಕ್ಕುತ್ತಾರೆ. ಕೆಲಸ ಜಾಸ್ತಿಯಾಯಿತೆಂದು ಗೊಣಗುತ್ತಾರೆ, ಆದರೆ ಗೊಣಗುವಾಗ ಮುಖದಲ್ಲಿ ನಗುವಿದೆ. ತಿಂಗಳಿಗೊಮ್ಮೆ ರಸೆಲ್ ದೋಣಿ ತರುತ್ತಾನೆ. ಬೀಗದ ಕೈ ಎಲ್ಲಿಡಲಿ ಎಂದು ಬೇಕೆಂದೇ ಫೋನ್ ಮಾಡಿ ಕೇಳುತ್ತಾನೆ.

ಕೆಂಪು ಟ್ರಕ್ಕನ್ನು ಮರದ ನೆರಳಿಗೆ ನಿಲ್ಲಿಸಿ ಓಲೀಟಾ ಕೆಳಗಿಳಿಯುತ್ತಾರೆ. ಬಿಸಿಲು ನೀರಿಗೆ ಬಿದ್ದಿದೆ. ಇಷ್ಟು ವರ್ಷ ಈ ಕೆಲಸ ಮಾಡಿ ಏನು ಕಂಡಿರಿ ಎಂದು ಕೇಳಿದರೆ ಬೀಗದ ಕೈಯನ್ನು ಚಕ್ರದ ಮೇಲಿಡುತ್ತಾ ಹೇಳುತ್ತಾರೆ:

"ಒಂದು ಮಾತು ಹೇಳಬಲ್ಲೆ. ಈ ಹೊಳೆಯಿಂದ ದಡ ಹತ್ತಿದವನು, ನನ್ನ ಗಾಡಿ ಎಲ್ಲಿ ಅಂತ ನಿಂತಿದ್ದು ಇವತ್ತಿನವರೆಗೂ ಇಲ್ಲ."

ಕಾರಿನಿಂದ ವರ್ಜಿಲ್ ಕೆಮ್ಮುತ್ತಾರೆ. "ರಸೆಲ್?"

"ರಸೆಲ್‌ಗೇನಾಗಿತ್ತು?" ಓಲೀಟಾ ತಿರುಗಿ ನೋಡುತ್ತಾರೆ. "ಅವನು ಇಲ್ಲಿ ದಡ ಹತ್ತೋ ಹೊತ್ತಿಗೆ ಗಾಡಿ ಬಂದು ನಿಂತಿರ್ಲಿಲ್ವಾ?"