ಹಳದೀಪುರದಿಂದ ಬಂದ ಉಸಿರಿಲ್ಲದ ದನಿ

ಕುಮಟೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಹುದ್ದೆಯನ್ನು ಬಿಟ್ಟು ನಾನು ಹೊನ್ನಾವರದ ಸಣ್ಣ ವಿಡಿಯೊ ಸ್ಟುಡಿಯೊವೊಂದನ್ನು ಸೇರಿದ್ದೆ. ಅಲ್ಲಿ ನನ್ನ ಎರಡನೆಯ ಮಳೆಗಾಲದಲ್ಲಿ, ಅಂದರೆ ಕಳೆದ ವರ್ಷ, ಈ ಪ್ರಸಂಗ ನಡೆಯಿತು. ಹುದ್ದೆಯ ಹೆಸರು ದೊಡ್ಡದು: ಸ್ಕ್ರಿಪ್ಟ್ ಮತ್ತು ವಾಯ್ಸ್ ಸೂಪರ್‌ವೈಸರ್. ಕೆಲಸ ಮಾತ್ರ ನನಗೆ ಹಳೆಯದೇ. ಬರೆದದ್ದನ್ನು ತಿದ್ದುವುದು, ಓದಿದ್ದನ್ನು ತಿದ್ದುವುದು, ಒಪ್ಪದಿದ್ದರೆ ಹಿಂದಿರುಗಿಸುವುದು.

ನಮ್ಮಲ್ಲಿ ತಯಾರಾಗುವುದು ಮೋಷನ್ ಗ್ರಾಫಿಕ್ಸ್. ನಟರಿಲ್ಲದೆ, ಅಕ್ಷರಗಳನ್ನೂ ಆಕೃತಿಗಳನ್ನೂ ಪರದೆಯ ಮೇಲೆ ಚಲಿಸುವಂತೆ ಮಾಡಿ ವಿಷಯವನ್ನು ತಿಳಿಸುವ ವಿಧಾನವಿದು. ಚಿತ್ರಭಾಗವನ್ನು ನೋಡಿಕೊಳ್ಳುತ್ತಿದ್ದವರು ಭಟ್ಕಳದಿಂದ ದಿನವೂ ಬಸ್ಸಿನಲ್ಲಿ ಬರುವ ಇರ್ಫಾನ್. ನನಗಿಂತ ಸ್ವಲ್ಪ ಚಿಕ್ಕವರು, ಎರಡು ಮಕ್ಕಳ ತಂದೆ. ಮನೆಯಲ್ಲಿ ನವಾಯತಿ ಭಾಷೆ, ಕಂಪ್ಯೂಟರಿನೆದುರು ಇಂಗ್ಲಿಷ್, ನನ್ನೆದುರು ಎಚ್ಚರಿಕೆಯ ಕನ್ನಡ. ಚಿತ್ರದ ಹಿಂದಿನಿಂದ ಕೇಳಿಬರುವ ವಿವರಣೆಯೇ ವಾಯ್ಸ್ ಓವರ್. ಅದು ಶುದ್ಧವಾಗಿರಬೇಕು ಎಂದರೆ ಫ್ಯಾನಿನ ಗುಂಯ್ ಎನ್ನುವ ಸದ್ದು, ಗೋಡೆಯಿಂದ ಮರಳುವ ಪ್ರತಿಧ್ವನಿ, ಹೊರಗಿನ ಕೋಳಿ, ನಾಯಿ ಯಾವುದೂ ಅದರಲ್ಲಿ ಸೇರಿರಬಾರದು.

ಭಟ್ಕಳದ ಆರೋಗ್ಯ ಸಂಸ್ಥೆಯೊಂದು ಗದ್ದೆ ಕೆಲಸದ ಹೆಂಗಸರಿಗಾಗಿ ಕಿರುಚಿತ್ರಗಳ ಸರಣಿಯೊಂದನ್ನು ನಮಗೆ ವಹಿಸಿತ್ತು. ಮೊದಲನೆಯದರ ವಿಷಯ ಹಾವು ಕಡಿತ. ಸಂಸ್ಥೆಯ ಪರವಾಗಿ ನಮ್ಮೊಡನೆ ವ್ಯವಹರಿಸುತ್ತಿದ್ದ ಸುಮತಿಯವರು ಒಂದೇ ಷರತ್ತು ಹಾಕಿದ್ದರು: ಕಂಪ್ಯೂಟರ್ ತಯಾರಿಸಿದ ಧ್ವನಿ ಕೂಡದು. ಹಿಂದೆ ಅಂಥ ಧ್ವನಿಯ ಚಿತ್ರವೊಂದನ್ನು ಗೇರುಸೊಪ್ಪದ ಕಡೆ ತೋರಿಸಿದಾಗ, “ಈ ಹೆಂಗಸು ಯಾವ ಊರಿನವಳು?” ಎಂದು ಸಭೆಯಲ್ಲಿ ಯಾರೋ ಕೇಳಿದರಂತೆ. ಉತ್ತರ ಸಿಗಲಿಲ್ಲ. ಅಲ್ಲಿಂದ ಮುಂದೆ ಚಿತ್ರ ಹೇಳಿದ ಒಂದು ಮಾತನ್ನೂ ಅವರು ನಂಬಲಿಲ್ಲ.

ಹಾಗಾಗಿ ಈ ಕರಾವಳಿಯದೇ ದನಿಯನ್ನು ಹುಡುಕಿದೆವು. ಸಿಕ್ಕವಳು ಹಳದೀಪುರದ ಲಲಿತಾ. ಗದ್ದೆ, ತರಕಾರಿ ಸಾಲು ನೋಡಿಕೊಂಡಿದ್ದ ಮನೆಯ ಸೊಸೆ, ಪದವಿಯವರೆಗೆ ಓದಿದವಳು, ಮದುವೆಮನೆಗಳಲ್ಲಿ ಹಾಡುವವಳು. ಮನೆ ಬಿಟ್ಟು ಹೊರಗೆ ದುಡಿಯುವ ಅನುಕೂಲ ಅವಳಿಗಿರಲಿಲ್ಲ. ಮನೆಯಲ್ಲೇ ಕುಳಿತು ಮಾಡಬಹುದಾದ, ತನ್ನ ಓದಿಗೆ ತಕ್ಕ ಕೆಲಸ ಇದೊಂದೇ ಎಂದು ಅವಳೇ ಹೇಳಿದ್ದಳು. ಅವಳಿಗೊಂದು ಕಾಲರ್ ಮೈಕ್ ಕೊಟ್ಟು ಕಳುಹಿಸಿದೆವು. ಬಟ್ಟೆಗೆ ಸಿಕ್ಕಿಸಿ ಮೊಬೈಲಿಗೆ ಜೋಡಿಸುವ ಪುಟ್ಟ ಮೈಕ್ ಅದು.

ಮೊದಲ ಮಾದರಿ ಬಂತು. ಉಚ್ಚಾರ ನಿರ್ದುಷ್ಟವಾಗಿತ್ತು, ಆದರೆ ಪ್ರತಿ ವಾಕ್ಯದ ಕೊನೆಗೂ ಉಸಿರೆಳೆಯುವ ಸದ್ದು. ಎರಡನೆಯ ಸಲವೂ ಅದೇ. ಧ್ವನಿಸಂದೇಶದಲ್ಲಿ ಖಡಾಖಂಡಿತವಾಗಿ ತಿಳಿಸಿದೆ: ವಾಕ್ಯಗಳ ನಡುವೆ ಉಸಿರು ಕೇಳಿಸಕೂಡದು, ರೆಕಾರ್ಡಿಂಗ್ ವೇಳೆ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. “ಆತು ಅಕ್ಕೋರೆ” ಎಂದು ಉತ್ತರ ಬಂತು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಹೀಗೆಯೇ. ಶಾಲೆ ಬಿಟ್ಟರೂ ಆ ಹೆಸರು ನನ್ನನ್ನು ಬಿಟ್ಟಿಲ್ಲ.

ಮೂರನೆಯ ಫೈಲಿನಲ್ಲಿ ಉಸಿರು ಇರಲೇ ಇಲ್ಲ. ಒಂದೇ ಒಂದು ಕಡೆಯೂ ಇರಲಿಲ್ಲ. ನಾನು ಸಂತೋಷದಿಂದ ಇರ್ಫಾನರಿಗೆ ದಾಟಿಸಿದೆ.

ಅವರ ಸಾಫ್ಟ್‌ವೇರಿನ ಹೊಸ ಆವೃತ್ತಿ ಅದೇ ವಾರ ಬಂದಿತ್ತು. ಧ್ವನಿಯನ್ನು ಕೇಳಿ ತಾನೇ ಅಕ್ಷರಕ್ಕಿಳಿಸಿ, ಮಾತು ನಿಂತಲ್ಲಿ ಸಾಲನ್ನು ಮುರಿದು, ಪದಗಳನ್ನು ದನಿಯೊಂದಿಗೆ ಮೇಲೇಳಿಸುವ ಸೌಲಭ್ಯ ಅದರಲ್ಲಿತ್ತು. ಅದುವರೆಗೆ ಒಂದೊಂದು ಪದವನ್ನೂ ಕೈಯಿಂದ ಕೂರಿಸುತ್ತಿದ್ದ ಇರ್ಫಾನ್ ಹಬ್ಬದ ಉತ್ಸಾಹದಲ್ಲಿದ್ದರು. ಲಲಿತಾಳ ಫೈಲು ಹಾಕಿದ್ದೇ ಉತ್ಸಾಹ ಇಳಿಯಿತು. ಸಾಲು ಮುರಿಯಲೇ ಇಲ್ಲ. ಅಕ್ಷರಗಳು ಪರದೆಯ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚನ್ನು ದಾಟಿ ಹೋಗುತ್ತಲೇ ಇದ್ದವು.

“ಮೇಡಂ, ನಿಮ್ಮ ಲಲಿತಾ ನಿಲ್ಲೋದೇ ಇಲ್ಲ. ಇವರು ಮನುಷ್ಯರೇ ಹೌದಾ?”

ತಮಾಷೆಗೆ ಹೇಳಿದ್ದು, ಆದರೆ ನನಗೆ ನಗು ಬರಲಿಲ್ಲ. ತರಗತಿಯಲ್ಲಿ ಇಬ್ಬರ ಪ್ರಬಂಧ ಒಂದೇ ತೆರನಾಗಿದ್ದರೆ ಆಗುತ್ತಿದ್ದ ಕಸಿವಿಸಿ ಮತ್ತೆ ಆಯಿತು. ಧ್ವನಿಯ ಅಲೆಗಳನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದೆವು. ಒಂದು ವಾಕ್ಯದ ಕೊನೆಯ ಸ್ವರ ಇನ್ನೂ ಇಳಿಯುತ್ತಿರುವಾಗಲೇ ಮುಂದಿನ ವಾಕ್ಯದ ಮೊದಲ ವ್ಯಂಜನ ಅದರ ಮೇಲೆ ಏರಿ ಕುಳಿತಿತ್ತು. ಒಂದು ಬಾಯಿಂದ ಇದು ಸಾಧ್ಯವಿಲ್ಲ. ಬೇರೆ ಬೇರೆ ತುಣುಕುಗಳನ್ನು ಅಂಚಿಗೆ ಅಂಚು ಹಾಯಿಸಿ ಹೊಲಿದರೆ ಮಾತ್ರ ಹೀಗೆ ಕಾಣುತ್ತದೆ ಎಂದು ಇರ್ಫಾನ್ ವಿವರಿಸಿದರು. ಕಂಪ್ಯೂಟರಿನಿಂದ ವಾಕ್ಯ ವಾಕ್ಯವಾಗಿ ಧ್ವನಿ ತಯಾರಿಸಿ ಜೋಡಿಸಿದ್ದಾಳೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ತನ್ನದೇ ದನಿಯ ಮಾದರಿ ಕೊಟ್ಟು ಹಾಗೆ ಮಾಡಿಸಬಹುದು, ಮೊಬೈಲಿನಲ್ಲೇ ಆಗುತ್ತದೆ.

ಅಷ್ಟರಲ್ಲಿ ಸುಮತಿಯವರ ಫೋನು. ನಾನು ಕಳುಹಿಸಿದ್ದ ಆ ಮೂರನೆಯ ಫೈಲನ್ನು ಅವರೂ ಕೇಳಿದ್ದರು.

“ನಿಜ ಹೇಳಿ, ಇದು ಯಂತ್ರದ್ದಲ್ಲವಾ? ಹೌದಾದರೆ ಆ ಹೆಂಗಸನ್ನು ಬಿಡಿ. ಬೇರೆ ಯಾರೂ ಸಿಗದಿದ್ದರೆ ಸರಣಿಯನ್ನೇ ನಿಲ್ಲಿಸೋಣ.”

ಪರಿಶೀಲಿಸಿ ತಿಳಿಸುವುದಾಗಿ ಹೇಳಿ ಲಲಿತಾಳನ್ನು ಸ್ಟುಡಿಯೊಗೆ ಕರೆಸಿದೆ. ಕಾರಣ ಹೇಳಲಿಲ್ಲ. ಬಂದವಳನ್ನು ನೇರವಾಗಿ ಮೈಕಿನ ಮುಂದೆ ಕೂರಿಸಿ ಹಾವು ಕಡಿತದ ಅದೇ ಪಾಠವನ್ನು ಓದಿಸಿದೆ. ಎರಡನೆಯ ವಾಕ್ಯಕ್ಕೇ ಉಸಿರು ಕೇಳಿಸಿತು. ಮೂರನೆಯದರಲ್ಲಿ ತಡವರಿಸಿದಳು. ಪ್ರತಿ ವಾಕ್ಯ ಮುಗಿಯುವಾಗಲೂ ಏನನ್ನೋ ಕಾಯುವವಳಂತೆ ಎಡಕ್ಕೆ ಒಮ್ಮೆ ನೋಡುತ್ತಿದ್ದಳು. ಎಡಕ್ಕೆ ಇದ್ದುದು ಗೋಡೆ.

“ಲಲಿತಾ, ನೀನು ಕಳುಹಿಸಿದ ಫೈಲಿನ ದನಿ ಯಾರದು?”

“ನಮ್ದೇ, ಅಕ್ಕೋರೆ.”

“ಹಾಗಾದರೆ ಇಲ್ಲೇಕೆ ಬರುತ್ತಿಲ್ಲ?”

“ಇಲ್ಲಿ ಆಗುದಿಲ್ರಾ. ಮನೇಲಾದ್ರೆ ಸಮಾ ಆತದೆ.”

“ಮನೆಯಲ್ಲಿ ಎಂತ ಇದೆ ಅಂಥದ್ದು?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಉತ್ತರ ಗೊತ್ತಿಲ್ಲದ ಮೌನಕ್ಕೂ ಹೇಳಲಾಗದ ಮೌನಕ್ಕೂ ಇರುವ ವ್ಯತ್ಯಾಸವನ್ನು ಶಿಕ್ಷಕರು ಬೇಗ ಗುರುತಿಸುತ್ತಾರೆ. ಇದು ಎರಡನೆಯ ಬಗೆಯದು. ನಾಳೆ ನಾವೇ ಮನೆಗೆ ಬರುತ್ತೇವೆ ಎಂದೆ. ಅವಳ ಮುಖ ಬಾಡಿತು. ನನ್ನ ಸಂಶಯಕ್ಕೆ ಇನ್ನೇನು ಬೇಕಿತ್ತು?

ಮರುದಿನ ಕುಮಟೆ ಬಸ್ಸು ಹತ್ತಿ ಇರ್ಫಾನ್ ಮತ್ತು ನಾನು ಹಳದೀಪುರದಲ್ಲಿ ಇಳಿದೆವು. ಲಲಿತಾಳಿಗೆ ಎಂದೂ ಕೊಡದಿದ್ದ, ಇಲಿಜ್ವರದ ಕುರಿತಾದ ಹೊಸ ಪಾಠವೊಂದನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಮೊದಲೇ ತಯಾರಿಸಿಟ್ಟ ಧ್ವನಿಯನ್ನು ಇದಕ್ಕೆ ಬಳಸಲಾಗದು. ಜೊತೆಗೆ, ಅವಳ ಮೊಬೈಲಿನ ಮೇಲೆ ಕಣ್ಣಿಡಬೇಕೆಂದು ಇರ್ಫಾನರಿಗೆ ಹೇಳಿದ್ದೆ.

“ಮೇಡಂ, ನೀವು ಪರೀಕ್ಷೆ ಕೊಠಡಿಗೆ ಹೊರಟಂತಿದೆ” ಎಂದರು ಅವರು.

ಬಾಗಿಲು ತೆರೆದವರು ಲಲಿತಾಳಿಗಿಂತ ದೊಡ್ಡ ಹೆಂಗಸು. ಮುಖ ಅದೇ, “ಬನ್ನಿ ಅಕ್ಕೋರೆ, ಒಳಗೆ ಬನ್ನಿ” ಎಂದ ದನಿಯೂ ಅದೇ. ನಾನು ಅಂಗಳದಲ್ಲೇ ನಿಂತುಬಿಟ್ಟೆ. ಅವರು ಲಲಿತಾಳ ಸ್ವಂತ ಅಕ್ಕ ನಾಗವೇಣಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಇಬ್ಬರೂ ಒಂದೇ ಮನೆ ಸೇರಿದವರು.

ಭತ್ತದ ಮೂಟೆಗಳನ್ನು ಒಟ್ಟಿದ್ದ ಒಳಕೋಣೆಗೆ ಕರೆದೊಯ್ದರು. ಕಿಟಕಿಗೆ ಕೌದಿ ಕಟ್ಟಿತ್ತು. ಇರ್ಫಾನ್ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ ತಲೆದೂಗಿದರು. ಪ್ರತಿಧ್ವನಿ ಇಲ್ಲ, ಮೂಟೆಗಳು ಸದ್ದನ್ನು ನುಂಗಿಬಿಡುತ್ತಿದ್ದವು. ನಾನು ಹೊಸ ಪಾಠವನ್ನು ಲಲಿತಾಳ ಕೈಗಿತ್ತೆ. ಅವಳು ಅಕ್ಕನ ಮುಖ ನೋಡಿದಳು.

“ಹೇಳಿಬಿಡೇ” ಎಂದರು ನಾಗವೇಣಿ. “ಅಕ್ಕೋರು ಏನು ಕಚ್ಚೂದಿಲ್ಲ. ಕಚ್ಚಿದ್ರೂ ಎಂತ ಮಾಡೂದು ಅಂತ ಆ ಹಾವಿನ ಪಾಠದಲ್ಲೇ ಉಂಟಲ್ಲ!”

ಇರ್ಫಾನ್ ಮುಖ ತಿರುಗಿಸಿ ನಕ್ಕರು. ಲಲಿತಾ ನಗಲಿಲ್ಲ.

“ಕೋಣೆಯಲ್ಲಿ ಯಾರೂ ಇರೂಕಾಗ ಅಂದ್ರಿ. ಉಸುರೂ ಕೇಳೂಕಾಗ ಅಂದ್ರಿ. ಒಬ್ಳೇ ಇದ್ರೆ ಉಸುರು ಬತ್ತದೆ ಅಕ್ಕೋರೆ. ಎರಡನ್ನೂ ಪಾಲಿಸೂಕೆ ನನ್ ಹತ್ರ ಆಗ್ಲಿಲ್ಲ. ಹೇಳಿದ್ರೆ ಕೆಲ್ಸ ಹೋತದೆ ಅಂತ ಹೆದ್ರಿಕೆ.”

ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತರು. ಅಕ್ಕ ತಂಗಿಯ ಎಡಕ್ಕೆ. ನಡುವೆ ಒಂದೇ ಮೈಕ್. ಪಾಠವನ್ನು ಒಮ್ಮೆ ಮೆಲ್ಲಗೆ ಓದಿಕೊಂಡು ಶುರು ಮಾಡಿದರು. ಲಲಿತಾಳ ವಾಕ್ಯ ಮುಗಿಯುವ ಮೊದಲೇ ನಾಗವೇಣಿ ಅದೇ ಏರಿನಲ್ಲಿ, ಅದೇ ವೇಗದಲ್ಲಿ ಮುಂದಿನದನ್ನು ಎತ್ತಿಕೊಂಡರು. ಅಷ್ಟರಲ್ಲಿ ಲಲಿತಾ ಮುಖವನ್ನು ಮೂಟೆಯ ಕಡೆ ತಿರುಗಿಸಿ ಉಸಿರು ತುಂಬಿಕೊಂಡು ಮರಳಿದಳು. ಕಣ್ಣು ಮುಚ್ಚಿ ಕೇಳಿದೆ. ಯಾವ ವಾಕ್ಯ ಯಾರದೆಂದು ಹೇಳಲು ನನ್ನಿಂದಾಗಲಿಲ್ಲ.

ಅವರ ಮನೆಯ ಹೆಂಗಸರು ಮದುವೆಯಲ್ಲಿ, ನಾಟಿಯಲ್ಲಿ ಹಾಡುವುದೇ ಹಾಗೆ. ಹಾಡು ಎಲ್ಲಿಯೂ ಕಡಿಯಬಾರದು. ಒಬ್ಬಳ ಸಾಲಿನ ಬಾಲವನ್ನು ಹಿಡಿದೇ ಇನ್ನೊಬ್ಬಳು ತನ್ನ ಸಾಲನ್ನು ಎತ್ತಬೇಕು. ಉಸಿರು ಕೇಳಿಸಬಾರದು ಎಂದು ನಾನು ಆಜ್ಞೆ ಮಾಡಿದಾಗ ಲಲಿತಾಳಿಗೆ ಗೊತ್ತಿದ್ದ ದಾರಿ ಅದೊಂದೇ. ಮುಖವನ್ನು ಮೈಕಿನಿಂದ ಆಚೆ ಸರಿಸಿ, ನಿಧಾನವಾಗಿ ಉಸಿರೆಳೆದುಕೊಂಡು, ನಿಂತು ಓದು ಎಂಬುದು ನನ್ನ ಅರ್ಥವಾಗಿತ್ತು. ಅಷ್ಟನ್ನು ನಾನು ಹೇಳಿರಲಿಲ್ಲ.

“ಒಂದು ಪಾಠ ಮುಗಿಯೂದ್ರೊಳಗೆ ನಮ್ಮ ಪ್ರಾಣ ಹೋತದೆ” ಎಂದರು ನಾಗವೇಣಿ. “ಹಾವು ಕಚ್ಚಿದವ್ರಿಗಿಂತ ಮೊದ್ಲು ನಮ್ಮನ್ನೇ ಆಸ್ಪತ್ರೆಗೆ ಸಾಗಿಸ್ಬೇಕು.”

ಇರ್ಫಾನ್ ಮೊಬೈಲಿನಲ್ಲಿ ಇಡೀ ದೃಶ್ಯವನ್ನು ಚಿತ್ರೀಕರಿಸಿದ್ದರು. ಅಲ್ಲಿಂದಲೇ ಸುಮತಿಯವರಿಗೆ ಕಳುಹಿಸಿದೆವು. ಸ್ವಲ್ಪ ಹೊತ್ತಿಗೆ ಫೋನು ಬಂತು. ಯಂತ್ರವಲ್ಲ ಎಂಬುದು ಅವರಿಗೆ ಸಾಕಾಯಿತು. ಆದರೆ ಒಬ್ಬಳ ಹೆಸರಿನಲ್ಲಿ ಇಬ್ಬರ ದನಿ ಹೋಗುವಂತಿಲ್ಲ ಎಂದರು. ಅದು ನ್ಯಾಯವೇ. ಚಿತ್ರದ ಕೊನೆಗೆ ಇಬ್ಬರ ಹೆಸರನ್ನೂ ಊರಿನ ಹೆಸರಿನೊಂದಿಗೆ ಹಾಕುವುದೆಂದು ಒಪ್ಪಂದವಾಯಿತು. ಲಲಿತಾ ಆಗ ಎದ್ದು ಚಹಾ ಇಡಲು ಹೋದಳು. ಅಲ್ಲಿಯವರೆಗೆ ಅದು ಯಾರಿಗೂ ನೆನಪಾಗಿರಲಿಲ್ಲ.

ಒಂದು ತೊಡಕು ಉಳಿದಿತ್ತು. ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಇವು ಒಂದರ ಮೇಲೊಂದು ಬಿದ್ದರೆ ಕೇಳುವವರ ತಲೆಯಲ್ಲಿ ಯಾವುದೂ ನಿಲ್ಲದು. ಸಾಲು ಮುರಿಯಲಾರದ ಸಾಫ್ಟ್‌ವೇರ್ ಹೇಳಿದ್ದೂ ಅದನ್ನೇ. ಅದರ ದೂರನ್ನು ನಾನು ಲಲಿತಾಳ ವಿರುದ್ಧದ ಸಾಕ್ಷಿಯೆಂದು ಓದಿಕೊಂಡಿದ್ದೆ. ಹಾಗಾಗಿ ಎಲ್ಲವನ್ನೂ ಮತ್ತೆ ಓದಿಸಿದೆವು. ವಾಕ್ಯಕ್ಕೊಬ್ಬರ ಬದಲು ಭಾಗಕ್ಕೊಬ್ಬರು, ಪ್ರತಿ ಎಚ್ಚರಿಕೆಯ ನಂತರ ಒಂದು ನಿಲುಗಡೆ. ಪದಗಳು ಪರದೆಯಲ್ಲಿ ಸಾಲಾಗಿ ಎದ್ದು ಸಾಲಾಗಿ ನಿಂತವು.

ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ; ಲಲಿತಾ ಮುಚ್ಚಿಟ್ಟದ್ದು ನಿಜ. ಅವಳು ಮುಚ್ಚಿಟ್ಟದ್ದು ಏನನ್ನು ಎಂದು ಹುಡುಕಲು ನಾನು ಅಲೆಗಳನ್ನು ಹಿಗ್ಗಿಸಿದೆ, ಬಸ್ಸು ಹತ್ತಿದೆ, ಹೊಸ ಪಾಠ ತಯಾರಿಸಿದೆ. ಅವಳಿಗೆ ನಾನು ಏನು ಹೇಳಿದ್ದೆ ಎಂಬುದನ್ನು ಮಾತ್ರ ಮತ್ತೊಮ್ಮೆ ಕೇಳಿಸಿಕೊಂಡಿರಲಿಲ್ಲ. ಈಗ ಫೈಲಿನಲ್ಲಿ ವಿಚಿತ್ರವೇನಾದರೂ ಕಂಡರೆ ನಾನು ಮೊದಲು ತೆರೆಯುವುದು ನನ್ನದೇ ಧ್ವನಿಸಂದೇಶವನ್ನು.

ಸರಣಿ ಮುಂದುವರಿದಿದೆ. ಪ್ರತಿ ರೆಕಾರ್ಡಿಂಗಿಗೆ ಮುಂಚೆ ಹಳದೀಪುರದಿಂದ ಫೋನು ಬರುತ್ತದೆ. ಇಬ್ಬರಲ್ಲಿ ಯಾರು ಮಾತನಾಡುತ್ತಿದ್ದಾರೆಂದು ನನಗೆ ಇಂದಿಗೂ ತಿಳಿಯುವುದಿಲ್ಲ. ಪ್ರಶ್ನೆ ಮಾತ್ರ ಒಂದೇ.

“ಅಕ್ಕೋರೆ, ಇವತ್ತು ಉಸುರು ಬಿಡ್ಲಕ್ಕಾ?”