ಕಹಳೆಗೆ ಹೆದರಿದವರು

ಗೆಳೆಯರೇ, ಮುಂಡಗೋಡದ ಹತ್ತಿರದ ನಮ್ಮೂರಲ್ಲಿ ಇವತ್ತು ಒಂದು ಗುಡಾರ ಸುಟ್ಟು ಬೂದಿಯಾಗುವುದು ತಪ್ಪಿತು. ಟಿಬೆಟನ್ ಕಾಲೊನಿಯ ಸನ್ಯಾಸಿಗಳು ಆ ಗುಡಾರದಲ್ಲಿ ಕೂತು ಪ್ರಾರ್ಥನೆಗೆ ಉದ್ದನೆಯ ಕಹಳೆ ಊದುತ್ತಾರೆ.

"ಅದು ಪ್ರಾರ್ಥನೆ ಅಲ್ಲೋ, ದಂಡು ಕರಿಯೂ ಕಹಳೆ. ಇವತ್ತ ಸುಮ್ನ ಕುಂತ್ರ ನಾಳೆ ನಿಮ್ಮ ಗುಡಿ ಉಳಿಯೂದಿಲ್ಲ" ಎಂದು ಪೇಟೆಯಿಂದ ಬಂದ ಧರ್ಮರಕ್ಷಕನೊಬ್ಬ ನಮ್ಮ ಹುಡುಗರನ್ನು ಕೆರಳಿಸಿದ್ದ. ಬೆಳಿಗ್ಗೆ ನೋಡಿದರೆ ಕಟ್ಟೆಯ ಮೇಲೆ ಬಡಿಗೆಗಳು, ಜೊತೆಗೊಂದು ಸೀಮೆಎಣ್ಣೆಯ ಡಬ್ಬಿ.

"ದೇಶಾನ ಕಳಕೊಂಡು ಬಂದವರು ನಮ್ಮ ಗುಡಿ ತಗೊಂಡು ಏನ್ ಮಾಡ್ತಾರೋ? ಊರಿಗೆ ಗಂಡಾಂತರ ಅಂದ್ರ ನೀನ" ಎಂದು ಅವನ ಮುಖಕ್ಕೇ ಹೇಳಿದೆ. ಹುಡುಗರು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಗ ಕಾಲೊನಿಯ ಪಕ್ಕದಲ್ಲೇ ಗೋವಿನಜೋಳ ಬಿತ್ತಿರುವ ಯಲ್ಲಪ್ಪ ಕಾಕಾ ಎದ್ದ. "ಆ ಕಹಳಿ ಶುರುವಾದಾಗಿಂದ ನನ್ನ ಹೊಲಕ್ಕ ಕಾಡಹಂದಿ ಬಂದಿಲ್ಲ. ಅದನ್ನ ನಿಲ್ಲಿಸಿದ್ರ ಹೊಲ ಕಾಯಾಕ ನೀ ಬರ್ತಿ ಏನಪಾ?"

ಧರ್ಮರಕ್ಷಕ ಪೇಟೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ. ಹುಡುಗರು ಒಬ್ಬೊಬ್ಬರಾಗಿ ಬಡಿಗೆ ಕೆಳಗಿಟ್ಟರು. ಅವರ ಹೊಲಗಳೂ ಅತ್ತ ಕಡೆಯೇ ಇವೆ. ಮಧ್ಯಾಹ್ನ ಕಾಕಾ ಕಾಲೊನಿಗೆ ಹೋಗಿ, "ಅಜ್ಜಾರ, ಸ್ವಲ್ಪ ನಮ್ಮ ಹುಡುಗೂರ ಹೊಲದ ಕಡೀಗೂ ಮಾರಿ ಮಾಡಿ ಊದ್ರಿ" ಎಂದು ಕೈಮುಗಿದು ಬಂದ.

ಧರ್ಮಾಂಧತೆಯನ್ನು ನನ್ನ ಮಾತು ಸೋಲಿಸಿತು ಎಂದು ಬರೆಯುವ ಆಸೆಯಿತ್ತು. ಸೋಲಿಸಿದ್ದು ಕಾಡುಹಂದಿ. ಆಗಲಿ, ಗುಡಾರ ಉಳಿಯಿತಲ್ಲ.